ಬಾಲ್ಯದಲ್ಲಿ ಬಂದಿದ್ದ ರುಮ್ಯಾಟಿಕ್ ಜ್ವರ: ಬಸುರಿಗೆ ಮೊದಲು ಹೃದಯ ಪರೀಕ್ಷೆ ಬೇಕೆ?

ಪ್ರಶ್ನೆ (ಹಾಸನದ ಅಣ್ಣ):
ನನ್ನ ತಂಗಿಗೆ ಈಗ 27 ವರ್ಷ. ಮದುವೆಯಾಗಿ ವರ್ಷವಾಗಿದ್ದು, ಮಗುವಿನ ಯೋಚನೆಯಲ್ಲಿದ್ದಾರೆ. ಅವಳು ಐದನೆಯ ತರಗತಿಯಲ್ಲಿದ್ದಾಗ ಗಂಟಲುನೋವು ಬಂದು ವಾಸಿಯಾದ ಎರಡು ಮೂರು ವಾರಗಳ ನಂತರ ಜ್ವರದೊಂದಿಗೆ ಮೊದಲು ಮಂಡಿ ಊದಿಕೊಂಡು, ಅದು ಇಳಿಯುವಷ್ಟರಲ್ಲಿ ಪಾದದ ಕೀಲು, ಆಮೇಲೆ ಮೊಣಕೈ ಎಂದು ನೋವು ಮೈಯೆಲ್ಲ ಸುತ್ತಿತ್ತು. ವೈದ್ಯರು ರುಮ್ಯಾಟಿಕ್ ಜ್ವರವೆಂದು ಹೇಳಿ, ಅದು ಮರುಕಳಿಸದಂತೆ 21 ದಿನಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದುಕೊಟ್ಟರು. ಆ ದಿನ ಅವಳು ಕುಂಟುತ್ತಾ ಮನೆಗೆ ಬರುತ್ತಿದ್ದದ್ದು, ಅಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಪಿಯುಸಿಗೆಂದು ಹಾಸ್ಟೆಲ್ ಸೇರಿದ ಮೇಲೆ ಅದು ತಾನಾಗಿ ನಿಂತುಹೋಯಿತು. ಈಗ ಮೂರನೆಯ ಮಹಡಿ ಹತ್ತುವಾಗ ಸ್ವಲ್ಪ ಏದುಸಿರು ಬರುವುದನ್ನು ಬಿಟ್ಟರೆ ಆರೋಗ್ಯವಾಗಿದ್ದಾಳೆ. ಹಳೆಯ ಕಾಯಿಲೆಯನ್ನು ಕೆದಕಿ ಅತ್ತೆಯ ಮನೆಯವರ ಮುಂದೆ ಹೇಳುವುದು ಬೇಡವೆಂದು ಅಮ್ಮ ಹೇಳುತ್ತಾರೆ. ಅಷ್ಟು ಹಿಂದಿನ ಜ್ವರ ಈಗ ಲೆಕ್ಕಕ್ಕೆ ಬರುತ್ತದೆಯೆ?

ಉತ್ತರ 1 (ನಿವೃತ್ತ ಫಿಜಿಷಿಯನ್):
ಖಂಡಿತವಾಗಿ ಬರುತ್ತದೆ. ಈ ಜ್ವರ ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುತ್ತದೆ ಎಂಬ ಹಳೆಯ ಮಾತನ್ನು ನಾವು ವಿದ್ಯಾರ್ಥಿಗಳಾಗಿದ್ದಾಗಲೇ ಕೇಳಿದ್ದೆವು. ಗಂಟಲಿಗೆ ತಗುಲಿದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ವಿರುದ್ಧ ದೇಹ ಎಬ್ಬಿಸುವ ರೋಗನಿರೋಧಕ ದಾಳಿಯು, ಆ ಬ್ಯಾಕ್ಟೀರಿಯಾವನ್ನು ಹೋಲುವ ಅಂಶಗಳಿರುವ ಹೃದಯದ ಕವಾಟಗಳ ಮೇಲೂ ತಿರುಗಿ ಬೀಳುತ್ತದೆ. ಕೀಲುನೋವು ಕುರುಹೂ ಉಳಿಯದಂತೆ ಹೋಗುತ್ತದೆ; ಕವಾಟಕ್ಕೆ ಆದ ಗಾಯ ಮಾತ್ರ ಹಾಗೆ ಹೋಗದೆ, ಜ್ವರ ಮರುಕಳಿಸಿದಷ್ಟೂ ಬಲಿತು, ವರ್ಷಗಟ್ಟಲೆ ಸದ್ದಿಲ್ಲದೆ ದಪ್ಪವಾಗುತ್ತಾ ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಸಾಮಾನ್ಯವಾಗಿ 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ಕವಾಟದ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು) ಬಾಯಿ ಒಂದೂವರೆಗೆ ಇಳಿದರೆ ಅದನ್ನು ತೀವ್ರ ಸಂಕೋಚನವೆಂದೇ ಪರಿಗಣಿಸುತ್ತೇವೆ.

ಬಸುರಿನಲ್ಲಿ ರಕ್ತದ ಪ್ರಮಾಣ ಸುಮಾರು 40ರಿಂದ 50 ಪ್ರತಿಶತ ಹೆಚ್ಚುತ್ತದೆ, ನಾಡಿಯೂ ವೇಗವಾಗುತ್ತದೆ. ನಾಡಿ ಓಡಿದಷ್ಟೂ ಎರಡು ಬಡಿತಗಳ ನಡುವೆ ಕವಾಟ ತೆರೆದಿರುವ ಹೊತ್ತು ಕಡಿಮೆಯಾಗುವುದರಿಂದ, ಕಿರಿದಾದ ಬಾಯಿಯ ಹಿಂದೆ ರಕ್ತ ಕಟ್ಟಿಕೊಂಡು ಶ್ವಾಸಕೋಶಕ್ಕೆ ಒತ್ತಡ ಬೀಳುತ್ತದೆ. ಅದುವರೆಗೆ ಗುಟ್ಟಾಗಿದ್ದ ಕಾಯಿಲೆ ಆರನೆಯ ಏಳನೆಯ ತಿಂಗಳಲ್ಲಿ ಹೊರಬೀಳುವುದು ಇದೇ ಕಾರಣಕ್ಕೆ. ಈಗಲೇ ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆ) ಮಾಡಿಸಿ. ಅತ್ತೆಯ ಮನೆಯ ಮಾತು ನಿಮಗೆ ಬಿಟ್ಟದ್ದು, ಆದರೆ ಹೆರಿಗೆ ವೈದ್ಯರಿಂದ ಮುಚ್ಚಿಡಬೇಡಿ.

ಉತ್ತರ 2 (ತುಮಕೂರು):
ಎಕೋಗೆ ಮೊದಲು ಎಎಸ್‌ಒ ರಕ್ತಪರೀಕ್ಷೆ ಮಾಡಿಸಿದರೆ ಸಾಲದೆ? ನಮ್ಮ ಮಗನಿಗೆ ಅದನ್ನು ನೋಡಿಯೇ ಪೆನಿಸಿಲಿನ್ ಶುರುಮಾಡಿದ್ದರು.

ಉತ್ತರ 3 (ನಿವೃತ್ತ ಫಿಜಿಷಿಯನ್):
ಸಾಲದು. ಇತ್ತೀಚೆಗೆ ಸ್ಟ್ರೆಪ್ಟೋಕಾಕಸ್ ಸೋಂಕು ತಗುಲಿತ್ತು ಎಂಬುದನ್ನಷ್ಟೇ ಎಎಸ್‌ಒ ಹೇಳುತ್ತದೆ. ಶಾಲೆಗೆ ಹೋಗುವ ಆರೋಗ್ಯವಂತ ಮಕ್ಕಳಲ್ಲೂ ಅದು ಏರಿರಬಹುದು. ಹದಿನೇಳು ವರ್ಷಗಳ ಹಿಂದಿನ ಜ್ವರ ಕವಾಟಕ್ಕೆ ಏನು ಮಾಡಿತೆಂಬುದು ಅದರಿಂದ ತಿಳಿಯುವುದಿಲ್ಲ. ಆ ಒಂದು ಅಂಕಿಯನ್ನು ನೋಡಿ ವರ್ಷಗಟ್ಟಲೆ ಚುಚ್ಚಿಸಿಕೊಂಡ ಮಕ್ಕಳನ್ನು ನಾನೇ ಕಂಡಿದ್ದೇನೆ. ನಿಮ್ಮ ಮಗನ ವಿಷಯದಲ್ಲಿ ಬೇರೆ ಲಕ್ಷಣಗಳೂ ಇದ್ದಿರಬಹುದು, ಆದ್ದರಿಂದ ಅವನ ವೈದ್ಯರನ್ನು ಕೇಳದೆ ಏನನ್ನೂ ನಿಲ್ಲಿಸಬೇಡಿ.

ಉತ್ತರ 4 (ಎರಡು ಮಕ್ಕಳ ತಾಯಿ):
ನನಗೆ ಚಿಕ್ಕಂದಿನಲ್ಲಿ ಇದೇ ಜ್ವರ ಬಂದಿತ್ತೆಂದು ನನಗೇ ಗೊತ್ತಿರಲಿಲ್ಲ. ಚೊಚ್ಚಲ ಬಸುರಿಯ ಆರನೆಯ ತಿಂಗಳಲ್ಲಿ ಅಂಗಾತ ಮಲಗಲು ಆಗದೆ, ಮೂರು ದಿಂಬು ಒರಗಿಸಿಕೊಂಡು ಕುಳಿತೇ ರಾತ್ರಿ ಕಳೆಯುತ್ತಿದ್ದೆ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ತಪಾಸಣೆಗೆ ಹೋದಲ್ಲಿಯೂ ಹೇಳಿ ಕಳಿಸಿದರು. ಕೊನೆಗೆ ಕೆಮ್ಮಿನಲ್ಲಿ ರಕ್ತ ಕಂಡಾಗ ಎಕೋ ಮಾಡಿದರು. ಹೊಟ್ಟೆಗೆ ಸೀಸದ ಹೊದಿಕೆ ಮುಚ್ಚಿ, ತೊಡೆಸಂದಿನ ರಕ್ತನಾಳದಿಂದ ಬಲೂನು ಕಳಿಸಿ ಕವಾಟ ಅಗಲಿಸಿದರು. ಅಂದು ರಾತ್ರಿ ಒಂದೇ ದಿಂಬಿನಲ್ಲಿ ಮಲಗಿದೆ. ಆ ಒಂದು ಜ್ವರದ ಸಂಗತಿ ಅಮ್ಮನ ಬಾಯಿಂದ ಹೊರಬಂದದ್ದು ಅದೆಲ್ಲ ಮುಗಿದ ಮೇಲೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ಕಳೆದ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಟ್ರಂಕಿನಿಂದ ಆಗಿನ ಆಸ್ಪತ್ರೆಯ ಚೀಟಿಯನ್ನು ತಾವೇ ತೆಗೆದುಕೊಟ್ಟರು. ಅದರಲ್ಲಿ ಮೈಟ್ರಲ್ ಕವಾಟದಲ್ಲಿ ಅಲ್ಪ ಸೋರಿಕೆ ಎಂದಿದೆ. ಗುರುವಾರ ಎಕೋ ಇದೆ. ಚುಚ್ಚುಮದ್ದನ್ನು ಮತ್ತೆ ಆರಂಭಿಸಬೇಕಾಗುತ್ತದೆಯೆ?

ಉತ್ತರ 5 (ನಿವೃತ್ತ ಫಿಜಿಷಿಯನ್):
ಆ ಚೀಟಿಯನ್ನು ಜೊತೆಗೆ ಒಯ್ಯಿರಿ. ಹೃದಯಕ್ಕೆ ತಗುಲಿದ್ದರೆ ಕನಿಷ್ಠ 10 ವರ್ಷ ಅಥವಾ 21ನೆಯ ವಯಸ್ಸಿನವರೆಗೆ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಕಾಲ, ಕವಾಟದ ದೋಷ ಉಳಿದುಕೊಂಡಿದ್ದರೆ ಸಾಮಾನ್ಯವಾಗಿ 40ರವರೆಗೆ ಪೆನಿಸಿಲಿನ್ ಕೊಡುವುದು ರೂಢಿ. ಆ ಲೆಕ್ಕದಲ್ಲಿ ನಿಮ್ಮ ತಂಗಿಯದು ಬೇಗ ನಿಂತಿದೆ. ಈಗ ಕವಾಟ ಪೂರ್ತಿ ಸರಿಯಿದ್ದರೆ ಬೇಡವೆನ್ನಬಹುದು. ದೋಷ ಕಂಡರೆ ಹೃದ್ರೋಗ ತಜ್ಞರು ಮತ್ತೆ ಆರಂಭಿಸಲು ಹೇಳಬಹುದು. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಬಸುರಿನಲ್ಲಿಯೂ ಅದನ್ನು ಮುಂದುವರಿಸುತ್ತೇವೆ. ಏದುಸಿರಿನ ವಿಷಯವನ್ನು ಗುರುವಾರ ನಿಮ್ಮ ತಂಗಿಯೇ ಬಾಯಿಬಿಟ್ಟು ಹೇಳಲಿ. ರಕ್ತಹೀನತೆಯಿಂದಲೂ ಹಾಗಾಗಬಹುದಾದ್ದರಿಂದ ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಅಂದೇ ಮಾಡಿಸಿಬಿಡಿ.