ಗೆಳೆಯನ ಜೊತೆ ಪಾಲುದಾರಿಕೆ: ಕರಾರು ಪತ್ರ ಕೇಳಿದರೆ ತಪ್ಪಾಗುತ್ತಾ?

ಹೊಸಬ (ಪ್ರಶ್ನೆ):
ನಮಸ್ಕಾರ. ನಾನೂ ನನ್ನ ಗೆಳೆಯನೂ ಸೇರಿ ಲ್ಯಾಪ್‌ಟಾಪ್ ರಿಪೇರಿ ವ್ಯವಹಾರ ಶುರು ಮಾಡಬೇಕು ಅಂತಿದ್ದೇವೆ. ಕಾಲೇಜಿನಿಂದ ಸ್ನೇಹ. ಕೆಲಸ ಗೊತ್ತಿರುವುದು ಅವನಿಗೆ. ಬೇರೆಯವರು ಕೈಬಿಟ್ಟ ಬೋರ್ಡನ್ನೂ ಸರಿ ಮಾಡುತ್ತಾನೆ. ನನ್ನ ಹತ್ತಿರ ಇರುವುದು ಉಳಿತಾಯದ ದುಡ್ಡು. ನಾನು ಸದ್ಯಕ್ಕೆ ನೌಕರಿ ಬಿಡುವುದಿಲ್ಲ. ಸಂಜೆ ಮತ್ತು ರಜೆಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಅರ್ಧ ಅರ್ಧ ಅಂತ ಮಾತಾಗಿದೆ. ಕರಾರು ಪತ್ರ ಮಾಡಿಸೋಣ ಅಂದೆ. "ನಮ್ಮಿಬ್ಬರ ಮಧ್ಯೆ ಕಾಗದ ಯಾಕೋ?" ಅಂದ. ಮುಖ ಸಣ್ಣದಾಯಿತು. ಮತ್ತೆ ಆ ಮಾತು ಎತ್ತಲು ಮನಸ್ಸು ಬರುತ್ತಿಲ್ಲ. ಕೇಳಲೇಬೇಕಾ? ಏನೇನು ಬರೆಸಬೇಕು?

ದಾರಿಹೋಕ:
ಪಾಲುದಾರಿಕೆಯೇ ಬೇಡ. ದುಡ್ಡನ್ನು ಸಾಲ ಅಂತ ಕೊಡಿ, ಬಡ್ಡಿ ಮಾತಾಡಿಕೊಳ್ಳಿ, ಸ್ನೇಹ ಉಳಿಸಿಕೊಳ್ಳಿ.

ಖಾತೆಪುಸ್ತಕ:
ನಾನು ಲೆಕ್ಕ ಬರೆಯುವವನು. ಪಾಲುದಾರರ ಖಾತೆ ನೋಡುವುದೇ ನನ್ನ ಕೆಲಸ. ಮೇಲಿನವರ ಮಾತು ನಾನು ಒಪ್ಪುವುದಿಲ್ಲ. ಗೆಳೆಯರು ಸೇರಿ ಚೆನ್ನಾಗಿ ನಡೆಸುವ ವ್ಯವಹಾರಗಳು ಬೇಕಾದಷ್ಟಿವೆ. ಆದರೆ ಕರಾರು ಪತ್ರ ಬೇಕೇ ಬೇಕು. ಅದೂ ನಿಮಗಿಂತ ಜಾಸ್ತಿ ನಿಮ್ಮ ಗೆಳೆಯನಿಗೆ ಬೇಕು.

ನೀವು ಏನೂ ಬರೆದುಕೊಳ್ಳದಿದ್ದರೆ ಕಾನೂನೇ ನಿಮ್ಮ ಪರವಾಗಿ ಬರೆದಿಟ್ಟಿರುತ್ತದೆ. ಇಂಗ್ಲೆಂಡಿನ 1890ರ ಪಾಲುದಾರಿಕೆ ಕಾಯ್ದೆ ನೋಡಿ, ಭಾರತದ 1932ರ ಕಾಯ್ದೆ ನೋಡಿ, ಈ ವಿಷಯದಲ್ಲಿ ಎರಡೂ ಒಂದೇ. ಲಾಭ ನಷ್ಟ ಸಮಪಾಲು. ದುಡಿದಿದ್ದಕ್ಕೆ ಸಂಬಳ ಇಲ್ಲ. ಒಬ್ಬರು ತೀರಿಕೊಂಡರೆ ಪಾಲುದಾರಿಕೆಯೇ ಮುಗಿಯಿತು. ಇದನ್ನು ನಿಮ್ಮಿಬ್ಬರಿಗೆ ಅನ್ವಯಿಸಿ ನೋಡಿ. ದಿನವಿಡೀ ಕೂತು ರಿಪೇರಿ ಮಾಡುವವನು ಅವನು. ನಿಮಗೆ ಬೇರೆ ಕಡೆಯಿಂದ ಸಂಬಳ ಬರುತ್ತದೆ. ಲಾಭ ಕಾಣುವವರೆಗೆ ಅವನ ಮನೆ ನಡೆಯುವುದು ಹೇಗೆ?

ಗಲ್ಲಾದಿಂದ ತೆಗೆಯಬೇಕಾಗುತ್ತದೆ, ಬೇರೆ ದಾರಿ ಇಲ್ಲ. ನಾನು ನೋಡಿದ ಒಂದು ಖಾತೆ ಹೇಳುತ್ತೇನೆ. ಡ್ರಾಯಿಂಗ್ಸ್ ಪುಟದಲ್ಲಿ, ಅಂದರೆ ಪಾಲುದಾರರು ಸ್ವಂತಕ್ಕೆ ತೆಗೆದ ದುಡ್ಡು ಬರೆಯುವ ಪುಟದಲ್ಲಿ, ಒಬ್ಬರ ಹೆಸರಿನ ಕೆಳಗೆ ಸಾಲು ಸಾಲು: ಪೆಟ್ರೋಲ್, ಮಗಳ ಫೀಸು, ಔಷಧ, ಮತ್ತೆ ಪೆಟ್ರೋಲ್. ಎಲ್ಲವೂ ಸಣ್ಣ ಮೊತ್ತ. ಎದುರಿನ ಪುಟ, ಇನ್ನೊಬ್ಬರದು, ಪೂರ್ತಿ ಖಾಲಿ. ವರ್ಷದ ಕೊನೆಗೆ ಕೂಡಿಸಿ ತೋರಿಸಿದಾಗ ಖಾಲಿ ಪುಟದವರು ಒಂದು ಮಾತೂ ಆಡಲಿಲ್ಲ. ಪುಸ್ತಕ ತಿರುಗಿಸಿ ಗೆಳೆಯನ ಮುಂದೆ ಇಟ್ಟರು, ಅಷ್ಟೇ. ತೆಗೆದವರು ಕತ್ತೆಯಂತೆ ದುಡಿದಿದ್ದರು. ಆ ಮೊತ್ತ ಅವರಿಗೆ ಸಂಬಳವಾಗಿಯೇ ಸಿಗಬೇಕಿತ್ತು. ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಕದ್ದ ಹಾಗೆ ಕಂಡಿತು. ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ.

ಆದ್ದರಿಂದ ಮೊದಲು ಬರೆಸಬೇಕಾದ್ದು ಅವನ ತಿಂಗಳ ಸಂಬಳ. ಲಾಭದ ಪಾಲು ಬೇರೆ, ಸಂಬಳ ಬೇರೆ. ಆಮೇಲೆ ನಿಮ್ಮ ದುಡ್ಡಿನಲ್ಲಿ ಬಂಡವಾಳ ಎಷ್ಟು, ಸಾಲ ಎಷ್ಟು ಅಂತ ಬಿಡಿಸಿ ಬರೆಸಿ. ಒಬ್ಬರು ಬಿಟ್ಟು ಹೋದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ, ಎಷ್ಟು ಕಂತಿನಲ್ಲಿ ಕೊಡುವುದು ಅನ್ನುವುದೂ ಇರಲಿ.

ಅರ್ಧ ಅರ್ಧ ಅಂದರೆ ಇನ್ನೊಂದು ತೊಡಕಿದೆ. ಇಬ್ಬರೂ ಪಟ್ಟು ಹಿಡಿದರೆ ಯಾರ ಮಾತು ನಡೆಯಬೇಕು? 1976ರಲ್ಲಿ ಆಪಲ್ ಶುರುವಾಗಿದ್ದು ಪಾಲುದಾರಿಕೆಯಾಗಿಯೇ. ಸ್ಟೀವ್ ಜಾಬ್ಸ್ ಮತ್ತು ಸ್ಟೀವ್ ವೋಜ್ನಿಯಾಕ್‌ಗೆ ಶೇ 45ರಂತೆ, ರೊನಾಲ್ಡ್ ವೇನ್‌ಗೆ ಶೇ 10. ಗೆಳೆಯರಿಬ್ಬರೂ ಜಗ್ಗಾಡಿದರೆ ತೀರ್ಮಾನ ಹೇಳಲು ಒಬ್ಬರಿರಲಿ ಅಂತ ಆ ಹತ್ತು. ಕರಾರು ಬರೆದವರೂ ವೇನ್ ಅವರೇ. ಎರಡು ವಾರ ತುಂಬುವ ಮೊದಲೇ ಅವರು ಪಾಲು ಬಿಟ್ಟರು, ಸಿಕ್ಕಿದ್ದು 800 ಡಾಲರ್. ಎಂಥ ಅದೃಷ್ಟ ಕಳೆದುಕೊಂಡರು ಅಂತ ಜನ ಮರುಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಂಥ ಪಾಲುದಾರಿಕೆಯಲ್ಲಿ ವ್ಯವಹಾರದ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ. ಸಾಲ ಕೊಟ್ಟವರು ಕೈಹಾಕುವಂಥ ಆಸ್ತಿ ಮೂವರಲ್ಲಿ ಇದ್ದದ್ದು ವೇನ್ ಅವರಿಗೆ. ನಿಮ್ಮ ಜೋಡಿಯಲ್ಲಿ ಆ ಜಾಗದಲ್ಲಿರುವುದು ನೀವು, ಅಲ್ವಾ? ಹೊಣೆಗೆ ಮಿತಿ ಇರುವ ಕಂಪನಿ ರೂಪ ಸರಿಹೋಗುತ್ತದಾ ಅಂತ ವಕೀಲರನ್ನು ಕೇಳಿ.

ಸೂಜಿದಾರ:
ನಾನೂ ನನ್ನ ಗೆಳತಿಯೂ ಸೇರಿ ಹೊಲಿಗೆ ಘಟಕ ನಡೆಸುತ್ತೇವೆ. ಮಾತು ಎತ್ತುವ ಬಗೆ ಹೇಳುತ್ತೇನೆ. "ನಿನ್ನ ಮೇಲೆ ನಂಬಿಕೆ ಇದೆ, ಆದರೂ" ಅಂತ ಮಾತ್ರ ಶುರು ಮಾಡಬೇಡಿ. ಆ "ಆದರೂ" ಕೇಳಿದ ಕೂಡಲೇ ಮನಸ್ಸು ಮುರಿಯುತ್ತದೆ. "ನಾಳೆ ನನಗೇನಾದರೂ ಆದರೆ ನನ್ನ ಮನೆಯವರು ಬಂದು ನಿನ್ನನ್ನು ಏನು ಕೇಳಬೇಕು, ಏನು ಕೇಳಬಾರದು, ಅದನ್ನು ಬರೆದಿಡೋಣ ಕಣೇ" ಅಂದೆ ನಾನು. ಅವಳೇ ಪೆನ್ನು ತಂದಳು. ಇನ್ನೊಂದು, ಇಬ್ಬರ ಮನೆಯವರಿಗೂ ಆ ಪತ್ರ ಓದಿ ಹೇಳಿ. ಮನಸ್ತಾಪ ಎಷ್ಟೋ ಸಲ ಅಲ್ಲಿಂದಲೇ ಹುಟ್ಟುವುದು.

ಹೊಸಬ:
ಎಲ್ಲರಿಗೂ ಧನ್ಯವಾದ. ಸಂಬಳದ ವಿಷಯ ನನಗೆ ಹೊಳೆದೇ ಇರಲಿಲ್ಲ. ಅದರಿಂದಲೇ ಮಾತು ಶುರು ಮಾಡುತ್ತೇನೆ. ಒಂದು ಕೇಳಬೇಕು ಖಾತೆಪುಸ್ತಕ ಸರ್: ಮೊದಲ ತಿಂಗಳುಗಳಲ್ಲಿ ಸಂಬಳ ಕೊಡುವಷ್ಟು ಗಳಿಕೆಯೇ ಆಗದಿದ್ದರೆ?

ಖಾತೆಪುಸ್ತಕ:
ಸಂಬಳ ಬಾಕಿ ಅಂತ ಅವನ ಹೆಸರಿಗೆ ಜಮಾ ಬರೆಯಿರಿ. ಕೈಗೆ ಬರುವುದು ತಡವಾದರೂ ಲೆಕ್ಕದಲ್ಲಿ ಇರಲಿ. ನಿಮ್ಮ ದುಡ್ಡಿನಲ್ಲಿ ಕೆಲವು ತಿಂಗಳ ಸಂಬಳಕ್ಕೆ ಆಗುವಷ್ಟನ್ನು ಮೊದಲೇ ತೆಗೆದಿಟ್ಟರೆ ಇನ್ನೂ ಒಳ್ಳೆಯದು. ಉಪಕರಣಕ್ಕೆ ಅದನ್ನು ಮುಟ್ಟಬೇಡಿ. ಪ್ರತಿ ತಿಂಗಳ ಲೆಕ್ಕಕ್ಕೆ ಇಬ್ಬರೂ ಸಹಿ ಹಾಕಿ.