ಬೆಕೆನ್‌ಬಾವರ್ ಆಡಿದ ಜಾಗಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಫ್ರಾಂಜ್ ಬೆಕೆನ್‌ಬಾವರ್ ಬಗ್ಗೆ ಹೈಸ್ಕೂಲ್ ಮಕ್ಕಳಿಗೆಂದು ಒಂದು ಲೇಖನ ಬರೆಯುತ್ತಿದ್ದೇನೆ. ಪಶ್ಚಿಮ ಜರ್ಮನಿಯ ಡಿಫೆಂಡರ್, 1974ರಲ್ಲಿ ವಿಶ್ವಕಪ್ ಗೆದ್ದ ನಾಯಕ, 1990ರಲ್ಲಿ ಅದೇ ಕಪ್ ಗೆದ್ದ ತಂಡದ ತರಬೇತುದಾರ. ಇಷ್ಟು ಬರೆಯುವುದು ಸುಲಭ. ಆದರೆ ಮೈದಾನದಲ್ಲಿ ಅವರ ಜಾಗ ಯಾವುದು ಎಂದು ಒಂದೇ ಪದದಲ್ಲಿ ಹೇಳಲು ಹೋದರೆ ಬರವಣಿಗೆ ನಿಂತುಬಿಡುತ್ತದೆ. ಜರ್ಮನ್ನರು ಅದನ್ನು ‘ಲಿಬೆರೊ’ ಎನ್ನುತ್ತಾರೆ. ನಾವು ಏನನ್ನೋಣ?

ನಮ್ಮ ಪತ್ರಿಕೆಗಳಲ್ಲಿ ‘ರಕ್ಷಣಾ ಆಟಗಾರ’ ಎಂದಿರುತ್ತದೆ, ಇಲ್ಲವೇ ನೇರವಾಗಿ ‘ಡಿಫೆಂಡರ್’. ಎರಡೂ ತಪ್ಪಲ್ಲ. ಆದರೆ 1974ರ ಜುಲೈ 7ರಂದು ಮ್ಯೂನಿಕ್‌ನಲ್ಲಿ ನಡೆದ ಫೈನಲ್ ನೋಡಿ. ನೆದರ್‌ಲೆಂಡ್ಸ್ ಎದುರು 2–1ರಿಂದ ಗೆದ್ದ ಆ ತಂಡದಲ್ಲಿ ನಾಲ್ವರು ರಕ್ಷಣಾ ಆಟಗಾರರಿದ್ದರು. ಬೆರ್ಟಿ ಫೋಗ್ಟ್ಸ್ ಇಡೀ ಪಂದ್ಯ ಎದುರಾಳಿ ತಂಡದ ಯೊಹಾನ್ ಕ್ರೈಫ್ ಅವರ ಬೆನ್ನು ಬಿಡಲಿಲ್ಲ. ಪಾಲ್ ಬ್ರೈಟ್ನರ್ ಎಡಗಡೆಯ ಬ್ಯಾಕ್, ಪೆನಾಲ್ಟಿಯಲ್ಲಿ ಗೋಲು ಹೊಡೆದವರು. ಗೆಯೋರ್ಗ್ ಶ್ವಾರ್ಜೆನ್‌ಬೆಕ್ ನಡುವೆ ನಿಂತು ಎದುರಾಳಿ ಸ್ಟ್ರೈಕರನ್ನು ತಡೆಯುವವರು. ನಾಲ್ಕನೆಯವರು ಬೆಕೆನ್‌ಬಾವರ್. ಈ ನಾಲ್ಕೂ ಜನರ ಕೆಲಸ ಬೇರೆ ಬೇರೆ. ಎಲ್ಲರನ್ನೂ ‘ರಕ್ಷಣಾ ಆಟಗಾರ’ ಎಂದರೆ ಮಕ್ಕಳಿಗೆ ಆಟವೇ ಅರ್ಥವಾಗುವುದಿಲ್ಲ, ಅಲ್ವಾ?

ಪದ ಹುಡುಕುವ ಮುಂಚೆ ಅದು ಹುಟ್ಟಿದ ರೀತಿ ಹೇಳುತ್ತೇನೆ. ನನ್ನ ತೊಡಕಿನ ಬೇರು ಅಲ್ಲೇ ಇದೆ.

1930ರ ದಶಕದಲ್ಲಿ ಆಸ್ಟ್ರಿಯಾದ ಕಾರ್ಲ್ ರಪ್ಪಾನ್ ಎಂಬ ತರಬೇತುದಾರ ಸ್ವಿಟ್ಜರ್‌ಲೆಂಡಿನಲ್ಲಿ ಒಂದು ಕ್ರಮ ತಂದರು. ಅದಕ್ಕೆ ಫ್ರೆಂಚಿನಲ್ಲಿ ‘ವೆರೂ’ ಎಂಬ ಹೆಸರು ಬಿತ್ತು, ಅಂದರೆ ಅಗುಳಿ. ಮುಂದೆ ಇಟಲಿಯಲ್ಲಿ ಇದೇ ಬಗೆಯ ಆಟ ‘ಕತೆನಾಚೊ’ ಆಯಿತು. ಅದೂ ಬಾಗಿಲ ಅಗುಳಿಯೇ. ಪ್ರತಿಯೊಬ್ಬ ರಕ್ಷಣಾ ಆಟಗಾರ ಎದುರಾಳಿಗಳಲ್ಲಿ ಒಬ್ಬನನ್ನು ಹಿಡಿಯಬೇಕು, ಅಂದರೆ ಅವನ ಬೆನ್ನು ಬಿಡದೆ ತಡೆಯಬೇಕು. ಆ ಎದುರಾಳಿ ತಪ್ಪಿಸಿಕೊಂಡರೆ ಹಿಂದೆ ಇನ್ನೊಬ್ಬ ಇರಬೇಕು. ಈ ಹಿಂದಿನವನಿಗೆ ಯಾರನ್ನೂ ಹಿಡಿಯುವ ಹೊಣೆ ಇಲ್ಲ. ಅದಕ್ಕೇ ಇಟಲಿಯ ಕ್ರೀಡಾ ಪತ್ರಕರ್ತ ಜಾನ್ನಿ ಬ್ರೇರಾ ಅವನನ್ನು ‘ಲಿಬೆರೊ’ ಎಂದು ಕರೆದರು. ಲಿಬೆರೊ ಅಂದರೆ ಬಿಡುವಾಗಿರುವವನು, ಯಾರಿಗೂ ಅಂಟಿಕೊಳ್ಳದವನು. ಅರವತ್ತರ ದಶಕದ ಇಂಟರ್ ಮಿಲಾನ್ ತಂಡದ ಅರ್ಮಾಂಡೊ ಪಿಕ್ಕಿ ಇಂಥ ಲಿಬೆರೊ. ಅವರು ಮುಂದೆ ಹೋಗುತ್ತಿದ್ದುದು ತೀರಾ ಅಪರೂಪ. ಬಿಡುವಾಗಿದ್ದರೂ ಅವರ ಜಾಗ ಗೋಲಿನ ಮುಂದೆಯೇ.

ಜರ್ಮನಿಯಲ್ಲಿ ಇದೇ ಕೆಲಸಕ್ಕೆ ‘ಔಸ್‌ಪುಟ್ಸರ್’ ಎನ್ನುತ್ತಿದ್ದರು. ಉಳಿದದ್ದನ್ನೆಲ್ಲ ಬಳಿದು ಚೊಕ್ಕ ಮಾಡುವವನು ಎಂದರ್ಥ. ಇಂಗ್ಲಿಷಿನ ‘ಸ್ವೀಪರ್’ ಕೂಡ ಇದೇ ಭಾವದ್ದು. 1966ರ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿಗೆ ಈ ಕೆಲಸ ಮಾಡಿದವರು ವಿಲ್ಲಿ ಶುಲ್ಟ್ಸ್. ಬೆಕೆನ್‌ಬಾವರ್ ಅಲ್ಲ! ಇದು ಅನೇಕರಿಗೆ ನೆನಪಿರುವುದಿಲ್ಲ. ಇಪ್ಪತ್ತು ವರ್ಷದ ಬೆಕೆನ್‌ಬಾವರ್ ಆಗ ಮಿಡ್‌ಫೀಲ್ಡ್‌ನಲ್ಲಿ ಆಡಿದರು. ಆ ವಿಶ್ವಕಪ್‌ನಲ್ಲಿ ನಾಲ್ಕು ಗೋಲು ಹೊಡೆದರು. ಫೈನಲ್‌ನಲ್ಲಿ ಇಂಗ್ಲೆಂಡಿನ ಬಾಬಿ ಚಾರ್ಲ್‌ಟನ್ ಅವರನ್ನು ಹಿಡಿಯುವ ಕೆಲಸ ಅವರದಾಗಿತ್ತು. 1970ರಲ್ಲಿ ಮೆಕ್ಸಿಕೊದಲ್ಲಿ ಇಟಲಿ ಎದುರು 4–3ರಿಂದ ಸೋತ ಸೆಮಿಫೈನಲ್ ಇದೆಯಲ್ಲ, ಭುಜ ತಪ್ಪಿ ಕೈಯನ್ನು ಮೈಗೆ ಕಟ್ಟಿಕೊಂಡು ಅವರು ಆಡಿದ ಪಂದ್ಯ, ಅಲ್ಲೂ ಅವರು ಲಿಬೆರೊ ಆಗಿರಲಿಲ್ಲ.

ಆದರೆ ಅವರ ಕ್ಲಬ್ ಬಯರ್ನ್ ಮ್ಯೂನಿಕ್‌ನಲ್ಲಿ ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಹಿಂದಿನ ಜಾಗಕ್ಕೆ ಬಂದಿದ್ದರು. 1970ರ ನಂತರ ದೇಶದ ತಂಡದಲ್ಲೂ ಅದೇ ಜಾಗ ಸಿಕ್ಕಿತು. ಅಲ್ಲಿ ಅವರು ಮಾಡಿದ್ದು ನನಗೆ ಇಡೀ ಫುಟ್‌ಬಾಲ್ ಇತಿಹಾಸದಲ್ಲಿ ತುಂಬಾ ಇಷ್ಟವಾದ ಬದಲಾವಣೆ. ಲಿಬೆರೊ ಯಾರನ್ನೂ ಹಿಡಿಯುವುದಿಲ್ಲ, ಸರಿ. ಹಾಗಾದರೆ ಲಿಬೆರೊನನ್ನು ಹಿಡಿಯುವವರು ಯಾರು? ಯಾರೂ ಇಲ್ಲ. ಎಲ್ಲರೂ ಜೋಡಿ ಜೋಡಿಯಾಗಿರುವ ಮೈದಾನದಲ್ಲಿ ಅವನ ಮುಂದೆ ದಾರಿ ಖಾಲಿ. ಬೆಕೆನ್‌ಬಾವರ್ ಆ ದಾರಿಯಲ್ಲಿ ಚೆಂಡು ತೆಗೆದುಕೊಂಡು ನಡೆದರು. ತಲೆ ಎತ್ತಿಕೊಂಡು, ಅವಸರವಿಲ್ಲದೆ, ಕಾಲಿನ ಹೊರಬದಿಯಿಂದ ಪಾಸ್ ಕೊಡುತ್ತಾ. ಇಂಟರ್‌ನ ಎಡಗಡೆ ಬ್ಯಾಕ್ ಫಕೆಟ್ಟಿ ಮುಂದೆ ನುಗ್ಗುವುದನ್ನು ನೋಡಿ ತಮಗೆ ಈ ಯೋಚನೆ ಬಂತೆಂದು ಅವರೇ ಹೇಳಿಕೊಂಡಿದ್ದರು. ಬದಿಯಿಂದ ಹೋಗಬಹುದಾದರೆ ನಡುವಿನಿಂದ ಯಾಕೆ ಹೋಗಬಾರದು?

1972ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 3–1ರಿಂದ ಸೋಲಿಸಿದ ಪಂದ್ಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬೆಕೆನ್‌ಬಾವರ್ ಮುಂದೆ ಹೋದರೆ ಮಿಡ್‌ಫೀಲ್ಡ್ ಆಟಗಾರ ಗ್ಯುಂಟರ್ ನೆಟ್ಸರ್ ಹಿಂದೆ ಬರುತ್ತಿದ್ದರು, ನೆಟ್ಸರ್ ಹೋದರೆ ಇವರು ನಿಲ್ಲುತ್ತಿದ್ದರು. ಅದೇ ವರ್ಷ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದರು. ಬ್ಯಾಲನ್ ಡಿ’ಓರ್ ಪ್ರಶಸ್ತಿಯೂ ಬಂತು, ಅಂದರೆ ಯುರೋಪಿನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿ. 1976ರಲ್ಲಿ ಅದು ಮತ್ತೊಮ್ಮೆ ಬಂತು.

ಈಗ ನನ್ನ ತೊಡಕು ನೋಡಿ. ಪದ ಅದೇ, ಅರ್ಥ ಎರಡು. ಮೊದಲು ‘ಲಿಬೆರೊ’ ಅಂದರೆ ಹಿಡಿಯುವ ಹೊಣೆಯಿಂದ ಬಿಡುವು. ಬೆಕೆನ್‌ಬಾವರ್ ಆದಮೇಲೆ ಅದು ಎಲ್ಲಿಗೆ ಬೇಕಾದರೂ ಹೋಗುವ ಸಲಿಗೆ. ‘ಸ್ವೀಪರ್’ ಎಂದು ಬರೆದರೆ ಮೊದಲ ಅರ್ಥ ಮಾತ್ರ ಸಿಗುತ್ತದೆ. ಜೊತೆಗೆ ಕನ್ನಡ ಓದುಗರಿಗೆ ಸ್ವೀಪರ್ ಅಂದ ಕೂಡಲೇ ಕಸ ಗುಡಿಸುವ ಕೆಲಸದ ನೆನಪಾಗುತ್ತದೆ, ಆಟದ ನೆನಪಾಗುವುದಿಲ್ಲ.

ಜರ್ಮನ್ ಅಭಿಮಾನಿಗಳ ಬಾಯಲ್ಲಿ ‘ಔಸ್‌ಪುಟ್ಸರ್’ ಎಂಬ ಆ ಹಳೆಯ ಪದ ಎಲ್ಲಿಗೆ ಹೋಯಿತು ಗೊತ್ತಾ? ಬೆಕೆನ್‌ಬಾವರ್‌ಗೆ ‘ಕೈಸರ್’ ಎಂಬ ಹೆಸರು, ಅಂದರೆ ಚಕ್ರವರ್ತಿ. ಅವರ ಮುಂದೆ ನಿಂತು ಆಡುತ್ತಿದ್ದ ಶ್ವಾರ್ಜೆನ್‌ಬೆಕ್‌ಗೆ ‘ಕೈಸರನ ಪುಟ್ಸರ್’ ಎಂಬ ಹೆಸರು. ಚಕ್ರವರ್ತಿ ಚೆಂಡಿನ ಜೊತೆ ಹೊರಟರೆ ಹಿಂದೆ ಉಳಿದದ್ದನ್ನು ಚೊಕ್ಕ ಮಾಡುವವರು ಇವರು. ಅಲ್ಲಿಗೆ ಬಳಿಯುವ ಕೆಲಸದ ಹೆಸರು ಲಿಬೆರೊನನ್ನು ಬಿಟ್ಟು ಪಕ್ಕದವರಿಗೆ ಅಂಟಿತು. ಶ್ವಾರ್ಜೆನ್‌ಬೆಕ್ ಬಗ್ಗೆ ಒಂದು ಮಾತು ಹೇಳಲೇಬೇಕು. 1974ರ ಯುರೋಪಿಯನ್ ಕಪ್ ಫೈನಲ್‌ನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ಎದುರು ಬಯರ್ನ್ ಸೋತೇಹೋಯಿತು ಅನ್ನುವಾಗ, ಹೆಚ್ಚುವರಿ ಸಮಯದ ಕೊನೆಯ ನಿಮಿಷದಲ್ಲಿ ದೂರದಿಂದ ಒದ್ದು ಸಮ ಮಾಡಿದವರು ಅವರು. ಎರಡು ದಿನ ಬಿಟ್ಟು ನಡೆದ ಮರುಪಂದ್ಯವನ್ನು ಬಯರ್ನ್ 4–0ರಿಂದ ಗೆದ್ದಿತು. ಮುಂದಿನ ಎರಡು ವರ್ಷವೂ ಆ ಕಪ್ ಬಯರ್ನ್‌ಗೇ ಹೋಯಿತು. ಬೆಕೆನ್‌ಬಾವರ್‌ಗೆ ಸಿಕ್ಕ ಸಲಿಗೆಯಲ್ಲಿ ಇವರ ಪಾಲು ದೊಡ್ಡದು.

ಇನ್ನು ಕನ್ನಡದ ಕಡೆ ಬರೋಣ. ಮೊದಲ ಅರ್ಥಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ ಅನ್ನಿಸುತ್ತದೆ: ‘ಬೆಂಗಾವಲು’. ಬೆನ್ನಿಗೆ ಇರುವ ಕಾವಲು. ಮಂತ್ರಿಗಳ ಬೆಂಗಾವಲು ವಾಹನ ಎಂದು ದಿನಾ ಓದುತ್ತೇವೆ. ಪಿಕ್ಕಿ, ಶುಲ್ಟ್ಸ್ ಅಂಥವರನ್ನು ‘ಬೆಂಗಾವಲಿನ ಆಟಗಾರ’ ಎಂದರೆ ಮಕ್ಕಳಿಗೆ ಚಿತ್ರ ಥಟ್ಟನೆ ಮೂಡುತ್ತದೆ. ಆದರೆ ಬೆಂಗಾವಲು ತಾನಾಗಿ ಮುಂದೆ ಹೋಗಿ ದಾಳಿ ನಡೆಸುವುದಿಲ್ಲ. ಆದ್ದರಿಂದ ಬೆಕೆನ್‌ಬಾವರ್‌ಗೆ ಅದು ಸಾಲದು. ‘ಬಿಡುಗಾವಲಿಗ’ ಎಂದು ಒಂದು ಪದ ಕಟ್ಟಿ ನೋಡಿದೆ. ಓದಿದರೆ ಕಾವಲು ಬಿಟ್ಟು ಹೋದವನು ಅನ್ನಿಸುತ್ತದೆ. ಅದನ್ನು ಕೈಬಿಟ್ಟೆ.

ಹಾಗಾದರೆ ‘ಲಿಬೆರೊ’ ಎಂದೇ ಬರೆಯಬಹುದು. ಆದರೆ ನಮ್ಮ ಮಕ್ಕಳಿಗೆ ಈ ಪದ ಫುಟ್‌ಬಾಲ್‌ಗಿಂತ ಜಾಸ್ತಿ ವಾಲಿಬಾಲ್‌ನಿಂದ ಗೊತ್ತು. 1998ರಿಂದ ಅಂತರರಾಷ್ಟ್ರೀಯ ವಾಲಿಬಾಲ್‌ನಲ್ಲಿ ಲಿಬೆರೊ ಇದ್ದಾರೆ. ಹೊನಲು ಬೆಳಕಿನ ಪಂದ್ಯಾವಳಿ ನೋಡುವ ಯಾರನ್ನಾದರೂ ಕೇಳಿ, ಬೇರೆ ಬಣ್ಣದ ಜೆರ್ಸಿ ಹಾಕಿದವರು ಎನ್ನುತ್ತಾರೆ. ಹಿಂದಿನ ಸಾಲಿನ ಯಾರ ಬದಲಿಗೆ ಬೇಕಾದರೂ ಅವರು ಒಳಗೆ ಬರಬಹುದು, ಅದು ಬದಲಿ ಆಟಗಾರರ ಲೆಕ್ಕಕ್ಕೆ ಸೇರುವುದಿಲ್ಲ. ಅವರ ಬಿಡುವು ಅಷ್ಟಕ್ಕೇ. ಬ್ಲಾಕ್ ಮಾಡುವಂತಿಲ್ಲ, ನೆಟ್‌ಗಿಂತ ಎತ್ತರದಲ್ಲಿರುವ ಚೆಂಡನ್ನು ಹೊಡೆದು ಅತ್ತ ಕಳಿಸುವಂತಿಲ್ಲ. ಅಂದರೆ ಬೆಕೆನ್‌ಬಾವರ್ ಯಾವುದಕ್ಕೆ ಹೆಸರಾದರೋ ಆ ಮುನ್ನುಗ್ಗುವ ಕೆಲಸವೇ ವಾಲಿಬಾಲ್ ಲಿಬೆರೊಗೆ ಇಲ್ಲ. ಮಕ್ಕಳು ಆ ಅರ್ಥ ಇಟ್ಟುಕೊಂಡು ಓದಿದರೆ ತಲೆಕೆಳಗಾಗುತ್ತದೆ.

ಸುಮ್ನೆ ‘ಹಳೆಯ ಕಾಲದ ಜಾಗ, ಈಗ ಇಲ್ಲ’ ಎಂದು ಬಿಟ್ಟುಬಿಡಿ ಅಂತ ಯಾರಾದರೂ ಹೇಳಬಹುದು. ನಿಜ, ಈಗಿನ ತಂಡಗಳು ಒಬ್ಬೊಬ್ಬರನ್ನು ಹಿಡಿಯುವ ಬದಲು ಜಾಗ ಹಂಚಿಕೊಂಡು ಸಾಲಾಗಿ ನಿಲ್ಲುತ್ತವೆ. ಸಾಲಿನ ಹಿಂದೆ ಒಬ್ಬ ನಿಂತರೆ ಎದುರಾಳಿಯನ್ನು ಆಫ್‌ಸೈಡ್‌ಗೆ (ಪಾಸ್ ಬರುವಾಗ ರಕ್ಷಣಾ ಸಾಲನ್ನು ದಾಟಿ ಮುಂದಿರುವ ತಪ್ಪಿಗೆ) ಸಿಕ್ಕಿಸಲು ಆಗುವುದಿಲ್ಲ. ಆದರೂ ಜರ್ಮನಿ ಈ ಜಾಗವನ್ನು ತುಂಬಾ ಕಾಲ ಉಳಿಸಿಕೊಂಡಿತು. 1990ರಲ್ಲಿ ಬೆಕೆನ್‌ಬಾವರ್ ತರಬೇತಿಯ ತಂಡಕ್ಕೆ ಕ್ಲೌಸ್ ಔಗೆಂಥಾಲರ್ ಲಿಬೆರೊ. 1996ರಲ್ಲಿ ಮಥಿಯಾಸ್ ಸಾಮರ್ ಅದೇ ಜಾಗದಿಂದ ಯುರೋ ಗೆಲ್ಲಿಸಿ ಬ್ಯಾಲನ್ ಡಿ’ಓರ್ ಪಡೆದರು. ಈಗ ಇಂಗ್ಲಿಷಿನ ‘ಸ್ವೀಪರ್’ ಪದ ಗೋಲ್‌ಕೀಪರ್‌ಗಳ ಜೊತೆ ಸೇರಿಕೊಂಡಿದೆ. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಎದುರು ಜರ್ಮನಿಯ ಗೋಲ್‌ಕೀಪರ್ ಮಾನುಯೆಲ್ ನೊಯರ್ ಪೆನಾಲ್ಟಿ ಏರಿಯಾದಿಂದ ಮತ್ತೆ ಮತ್ತೆ ಹೊರಗೆ ಓಡಿ ಬಂದು ಚೆಂಡು ತೆಗೆದ ಮೇಲಂತೂ ‘ಸ್ವೀಪರ್ ಕೀಪರ್’ ಎಲ್ಲರ ಬಾಯಲ್ಲಿ ಬಂತು. ಆದ್ದರಿಂದ ಹಳೆಯದೆಂದು ಬಿಡಲು ನನಗೆ ಮನಸ್ಸಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವ ಏರ್ಪಾಡು ಇದು. ಹಳೆಯ ಕೆಲಸಕ್ಕೆ ‘ಬೆಂಗಾವಲಿನ ಆಟಗಾರ’. ಬೆಕೆನ್‌ಬಾವರ್, ಸಾಮರ್ ಅಂಥವರಿಗೆ ‘ಲಿಬೆರೊ’. ಮೊದಲ ಸಲ ಬರುವಾಗ ‘ಯಾರನ್ನೂ ಹಿಡಿಯಬೇಕಿಲ್ಲದ, ಚೆಂಡು ಸಿಕ್ಕರೆ ಮುಂದೆ ಸಾಗುವ ಹಿಂಬದಿ ಆಟಗಾರ’ ಎಂಬ ವಿವರಣೆ, ವಾಲಿಬಾಲ್‌ನ ಲಿಬೆರೊ ಬೇರೆ ಎಂಬ ಒಂದು ಸಾಲು. ‘ಮಾರ್ಕ್ ಮಾಡು’ ಎನ್ನುವುದಕ್ಕೆ ‘ಹಿಡಿ’ ಎಂದು ಬಳಸುತ್ತಿದ್ದೇನೆ. ಕಬಡ್ಡಿಯಲ್ಲಿ ಹಿಡಿಯುವುದು ಅಂದರೆ ಕೈಯಾರೆ ಹಿಡಿಯುವುದು, ಅದಕ್ಕೇ ಸ್ವಲ್ಪ ಅಳುಕಿದೆ. ‘ಬೆನ್ನಿಗೆ ಬೀಳು’ ಉದ್ದವಾಯಿತು, ‘ಕಾಯಿ’ ಎಂದರೆ ಗೋಲು ಕಾಯುವುದರ ಜೊತೆ ಗೊಂದಲ.

ಕೊಡಗಿನ ಹಾಕಿ ಬಲ್ಲವರು ಇಲ್ಲಿದ್ದರೆ ಒಂದು ಕೇಳಬೇಕು. ಎಲ್ಲರಿಗಿಂತ ಹಿಂದೆ ನಿಲ್ಲುವ ಆಟಗಾರನಿಗೆ ಫುಲ್‌ಬ್ಯಾಕ್ ಅನ್ನುವುದನ್ನು ಬಿಟ್ಟು ಮೈದಾನದ ಮಾತಿನಲ್ಲಿ ಬೇರೆ ಹೆಸರು ಇದೆಯೇ? ಹಾಗೆಯೇ ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಕಡೆ ಫುಟ್‌ಬಾಲ್ ಆಡಿ ಬೆಳೆದವರು ‘ಮಾರ್ಕ್ ಮಾಡು’ ಎನ್ನುವುದಕ್ಕೆ ಆಟದ ನಡುವೆ ಕೂಗುವ ಮಾತು ಯಾವುದು? ಅದು ತಮಿಳು, ಉರ್ದು ಬೆರೆತ ಮಾತಾದರೂ ಪರವಾಗಿಲ್ಲ, ಕೇಳಿಸಿಕೊಂಡಂತೆಯೇ ಬರೆದು ಕಳಿಸಿ.