ಅಕ್ಷತಾಳ ಓದಿನ ವಿಚಾರವಾಗಿ ಬಳ್ಳಾರಿಯಿಂದ

ಅಣ್ಣ, ಅತ್ತಿಗೆ, ಗುಂಪಿನಲ್ಲಿರುವ ಹಿರಿಯರೆಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಅಣ್ಣ ಕೊಪ್ಪಳದಿಂದ ಹಾಕಿದ್ದ ಪ್ರಶ್ನೆಯನ್ನು ಬೆಳಿಗ್ಗೆ ನೋಡಿದೆ. ಅಕ್ಷತಾಳಿಗೆ ನೀಟ್‌ನಲ್ಲಿ ಬಿಡಿಎಸ್ (ದಂತವೈದ್ಯ ಪದವಿ) ಸೀಟು ಸಿಗುವಷ್ಟು ಅಂಕ ಬಂದಿಲ್ಲ, ಯಾರೋ ಫೋನ್ ಮಾಡಿ ‘ಡೆಂಟಲ್ ಹೈಜೀನ್ ಡಿಗ್ರಿ’ ಮಾಡಿಸುತ್ತೇವೆ, ವಿದೇಶದಲ್ಲಿ ಕೆಲಸ ಖಚಿತ ಎನ್ನುತ್ತಿದ್ದಾರೆ, ಸೇರಿಸಬಹುದೇ ಎಂದು ಕೇಳಿದ್ದೀರಿ. ಅದರ ಕೆಳಗೇ ಸಿಂಧನೂರಿನ ದೊಡ್ಡಪ್ಪನವರು ‘ಹಲ್ಲು ತಿಕ್ಕುವುದಕ್ಕೂ ಡಿಗ್ರಿ ಬಂತೇನಮ್ಮ’ ಎಂದು ಬರೆದು ನಗುವ ಮುಖ ಹಾಕಿದ್ದಾರೆ. ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿ ಅನ್ನ ತಿನ್ನುತ್ತಿರುವವಳು ನಾನಾದ್ದರಿಂದ ಇಬ್ಬರಿಗೂ ಉತ್ತರ ಹೇಳಬೇಕಾಗಿದೆ. ಸಂದೇಶ ಉದ್ದವಾಗುತ್ತದೆ, ಊಟವಾದ ಮೇಲೆ ನಿಧಾನವಾಗಿ ಕೇಳಿರಿ.

ಅಣ್ಣ, ಬಿಡಿಎಸ್ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಇದಕ್ಕೆ ಸೇರಿಸಬೇಡಿ. ಈ ಕೆಲಸವೇ ಬೇಕೆಂದು ಅವಳು ಬಂದರೆ ನಾನೇ ಮುಂದೆ ನಿಂತು ಸೇರಿಸುತ್ತೇನೆ. ಏಕೆಂದರೆ ಇದು ಅರ್ಧ ಬಿಡಿಎಸ್ ಅಲ್ಲ, ಬೇರೆಯದೇ ಕಸುಬು. ದಂತವೈದ್ಯರು ಕೆಟ್ಟುಹೋದ ಹಲ್ಲನ್ನು ಸರಿಪಡಿಸುತ್ತಾರೆ, ತುಂಬುತ್ತಾರೆ, ಕೀಳುತ್ತಾರೆ. ನಾವು ಹಲ್ಲು ಮತ್ತು ವಸಡು ಆ ಸ್ಥಿತಿಗೆ ಬಾರದಂತೆ ನೋಡಿಕೊಳ್ಳುತ್ತೇವೆ. 1948ರ ದಂತವೈದ್ಯರ ಕಾಯ್ದೆಯಲ್ಲಿಯೇ ಡೆಂಟಿಸ್ಟ್, ಡೆಂಟಲ್ ಹೈಜೀನಿಸ್ಟ್, ಡೆಂಟಲ್ ಮೆಕ್ಯಾನಿಕ್ ಎಂದು ಮೂವರನ್ನು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಹಲ್ಲಿನ ಗಾರೆ (ಹಲ್ಲಿಗೆ ಅಂಟಿ ಕಲ್ಲಿನಂತೆ ಗಟ್ಟಿಯಾದ ಪದರ) ತೆಗೆಯುವುದು, ಶುಚಿಗೊಳಿಸಿ ಹೊಳಪು ಕೊಡುವುದು, ಬಾಯಿಯ ಸ್ವಚ್ಛತೆಯ ಬಗ್ಗೆ ತಿಳಿವಳಿಕೆ ನೀಡುವುದು ಹೈಜೀನಿಸ್ಟ್ ಕೆಲಸವೆಂದು ಅದು ಹೇಳುತ್ತದೆ. ಕಟ್ಟುಹಲ್ಲು ಮಾಡುವವರು ಮೆಕ್ಯಾನಿಕ್. ನಮ್ಮ ದೇಶದಲ್ಲಿ ಹೈಜೀನಿಸ್ಟ್ ದಂತವೈದ್ಯರ ಮೇಲ್ವಿಚಾರಣೆಯಲ್ಲಿಯೇ ಕೆಲಸ ಮಾಡಬೇಕು, ಸ್ವಂತ ಬೋರ್ಡ್ ಹಾಕಿಕೊಂಡು ಕೂರುವಂತಿಲ್ಲ. ಮುಂದೆ ತಾನೇ ಕ್ಲಿನಿಕ್ ತೆರೆಯುವ ಕನಸು ಅಕ್ಷತಾಳಿಗಿದ್ದರೆ ಇದು ಆ ದಾರಿಯಲ್ಲ.

ಇನ್ನು ದೊಡ್ಡಪ್ಪನವರ ಪ್ರಶ್ನೆ. ದೊಡ್ಡಪ್ಪ, ನಮ್ಮ ಓದಿನಲ್ಲಿ ಮೊದಲು ಬರುವ ‘ಡಿಗ್ರಿ’ ಕೋನದ್ದು. ಕ್ಯುರೆಟ್ ಎಂಬ ಸಣ್ಣ ಬಾಗಿದ ಅಲಗಿನ ಉಪಕರಣವಿದೆ, ಅದರ ಮುಖವು ಹಲ್ಲಿಗೆ 45 ಡಿಗ್ರಿಗಿಂತ ಹೆಚ್ಚು, 90 ಡಿಗ್ರಿಗಿಂತ ಕಡಿಮೆ ಕೋನದಲ್ಲಿ ತಾಗಬೇಕು. ಕೋನ ಕಡಿಮೆಯಾದರೆ ಗಾರೆ ಏಳುವುದಿಲ್ಲ, ಮೇಲೆ ಮೇಲೆ ನುಣುಪಾಗಿ ಕುಳಿತುಬಿಡುತ್ತದೆ. ಹೆಚ್ಚಾದರೆ ವಸಡು ಹರಿಯುತ್ತದೆ. ಉಪಕರಣವನ್ನು ಪೆನ್ನು ಹಿಡಿದಂತೆ ಮೂರು ಬೆರಳಿನಲ್ಲಿ ಹಿಡಿದು, ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಂಡಿರಬೇಕು. ರೋಗಿ ಒಮ್ಮೆಲೇ ತಲೆ ಅಲ್ಲಾಡಿಸಿದರೆ ಆ ಊರುಬೆರಳಿನಿಂದಾಗಿ ನಮ್ಮ ಕೈಯೂ ಅವರ ತಲೆಯೊಡನೆ ಸರಿಯುತ್ತದೆ, ಅಲಗು ಜಾರಿ ಕೆನ್ನೆಗೆ ಚುಚ್ಚುವುದಿಲ್ಲ. ಈ ಒಂದು ಬೆರಳನ್ನು ಊರುವ ಅಭ್ಯಾಸಕ್ಕೆ ನನಗೆ ಎರಡು ತಿಂಗಳು ಬೇಕಾಯಿತು. ಪ್ಲಾಸ್ಟಿಕ್ ಹಲ್ಲಿನ ಮಾದರಿಗೆ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಅದನ್ನು ಮಾತ್ರ ಕೆರೆದು ತೆಗೆಯುವುದು, ಕೆಳಗಿನ ಪ್ಲಾಸ್ಟಿಕ್ ಮೇಲೆ ಒಂದು ಗೀರೂ ಬೀಳದಂತೆ. ಹಾಸ್ಟೆಲಿನಲ್ಲಿ ನಮ್ಮ ಕೋಣೆಯ ಕೆಂಪು ಉಗುರುಬಣ್ಣವೆಲ್ಲ ಆ ಮಾದರಿ ಹಲ್ಲುಗಳಿಗೇ ಖರ್ಚಾಗುತ್ತಿತ್ತು.

ಅದಾದ ಮೇಲೆ ಅಳತೆ. ಹಲ್ಲಿಗೂ ವಸಡಿಗೂ ನಡುವಿನ ಸಂದಿಗೆ ಮಿಲಿಮೀಟರ್ ಗುರುತಿರುವ ಕಡ್ಡಿ ಇಳಿಸಿ, ಒಂದೊಂದು ಹಲ್ಲಿನ ಸುತ್ತ ಆರು ಕಡೆ ಆಳ ನೋಡಬೇಕು. ಮೂವತ್ತೆರಡು ಹಲ್ಲಿಗೆ 192 ಅಂಕಿ. 1ರಿಂದ 3 ಮಿಲಿಮೀಟರ್ ಇದ್ದರೆ ಸರಿ, 4 ಅಥವಾ ಅದಕ್ಕಿಂತ ಹೆಚ್ಚಾದರೆ ವಸಡು ಹಲ್ಲನ್ನು ಬಿಡುತ್ತಿರಬಹುದು ಎಂದು ಎಚ್ಚರಗೊಳ್ಳಬೇಕು. ನಮ್ಮ ಮನೆಗಳಲ್ಲಿ ‘ವಯಸ್ಸಾಯಿತು, ಹಲ್ಲು ಅಲುಗಾಡುತ್ತಿವೆ’ ಎನ್ನುತ್ತೇವಲ್ಲ, ಅದಕ್ಕೆ ವಯಸ್ಸಿಗಿಂತ ಹೆಚ್ಚಿನ ಕಾರಣ ವಸಡಿನ ಈ ಕಾಯಿಲೆ. ಅದು ನೋಯಿಸದೆ ಬರುತ್ತದೆ ಎಂಬುದೇ ಅದರ ದುಷ್ಟತನ.

ಕಳೆದ ತಿಂಗಳು ಕುಷ್ಟಗಿ ಕಡೆಯ ರೈತರೊಬ್ಬರು ಬಂದಿದ್ದರು. ಕೆಳಗಿನ ಮುಂದಲ್ಲುಗಳ ಒಳಮಗ್ಗುಲಲ್ಲಿ ಗಾರೆ ಎಷ್ಟು ಕಟ್ಟಿತ್ತೆಂದರೆ ಆರು ಹಲ್ಲೂ ಸೇರಿ ಒಂದೇ ಗೋಡೆಯಂತಾಗಿದ್ದವು. ಅಲ್ಲಿಯೇ ಹೆಚ್ಚು ಕಟ್ಟುವುದಕ್ಕೆ ಕಾರಣವಿದೆ. ನಾಲಿಗೆಯ ಕೆಳಗೆ ಜೊಲ್ಲಿನ ಗ್ರಂಥಿಯ ಬಾಯಿ ತೆರೆಯುತ್ತದೆ, ಜೊಲ್ಲಿನಲ್ಲಿರುವ ಸುಣ್ಣದ ಅಂಶ ಹಲ್ಲಿನ ಮೇಲಿನ ಪಾಚಿಯಲ್ಲಿ ಸೇರಿ ಗಟ್ಟಿಯಾಗುತ್ತದೆ, ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆಯೇ. ಗಾರೆ ತೆಗೆಯುವ ಸ್ಕೇಲರ್ ತಾಗಿ ಒಂದು ಚಕ್ಕೆ ಅವರ ನಾಲಿಗೆಯ ಮೇಲೆ ಬಿದ್ದಾಗ ಅವರು ‘ಅಯ್ಯೋ, ನನ್ನ ಹಲ್ಲು ಮುರಿದಿರಲ್ಲ’ ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ಚಕ್ಕೆಯನ್ನು ಅಂಗೈ ಮೇಲಿಟ್ಟು, ಕೈಗನ್ನಡಿ ಕೊಟ್ಟು, ಅದರ ಹಿಂದಿದ್ದ ಅವರದೇ ಹಲ್ಲನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಗಾರೆ ಹೋದ ಮೇಲೆ ಸಂದಿ ಕಾಣುತ್ತದೆ, ಊದಿಕೊಂಡಿದ್ದ ವಸಡು ಇಳಿಯುತ್ತದೆ, ಕೆಲವು ದಿನ ತಣ್ಣೀರು ಜುಂ ಎನ್ನುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲಾಗುತ್ತವೆ’ ಎಂಬ ಮಾತು ಊರೂರಲ್ಲಿ ಹುಟ್ಟಿದ್ದು ಹೀಗೆ. ಇದನ್ನು ಮೊದಲೇ ತಿಳಿಸಿ ಹೇಳದಿದ್ದರೆ ಅವರು ಮತ್ತೆ ಬರುವುದಿಲ್ಲ, ತಮ್ಮ ಓಣಿಯವರನ್ನೂ ಬರಗೊಡುವುದಿಲ್ಲ. ಕೈ ಚಳಕಕ್ಕಿಂತ ಈ ಮಾತುಗಾರಿಕೆ ಕಷ್ಟ, ಅದನ್ನು ಪಠ್ಯದಲ್ಲಿ ಕಲಿಸುವುದೂ ಕಡಿಮೆ ಎಂದು ನನ್ನ ಅಭಿಪ್ರಾಯ.



ನಮ್ಮ ಭಾಗಕ್ಕೆ ಇನ್ನೊಂದು ವಿಶೇಷವಿದೆ, ಅಕ್ಷತಾ ಇದನ್ನು ಗಮನವಿಟ್ಟು ಕೇಳಮ್ಮ. ಕೊಪ್ಪಳ, ರಾಯಚೂರು, ಬಳ್ಳಾರಿಯ ಅನೇಕ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಸುಣ್ಣದಂತಹ ಬಿಳಿ ಮಚ್ಚೆ, ಕಂದು ಪಟ್ಟೆ ಮೂಡುತ್ತವೆ. ಮದುವೆ ಗೊತ್ತಾದ ಹೆಣ್ಣುಮಕ್ಕಳು ಬಂದು ‘ಈ ಕಲೆ ತೆಗೆದುಕೊಡಿ ಅಕ್ಕಾ’ ಎಂದು ಕೇಳುತ್ತಾರೆ. ಕೆಲವರು ಅಷ್ಟರಲ್ಲಾಗಲೇ ಇಟ್ಟಿಗೆ ಪುಡಿ, ಇದ್ದಿಲು ಹಾಕಿ ತಿಕ್ಕಿ ಒಸಡಿನಂಚು ಸವೆಸಿಕೊಂಡಿರುತ್ತಾರೆ. ಎಲೆ ಅಡಿಕೆ, ತಂಬಾಕು, ಚಹಾದ ಕಲೆ ಹಲ್ಲಿನ ಮೇಲೆ ಕೂತದ್ದು, ನಮ್ಮ ಉಪಕರಣಕ್ಕೆ ಹೋಗುತ್ತದೆ. ಫ್ಲೋರೈಡ್ ಕಲೆ ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಅದರ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ಸೇರಿದ್ದು, ಎಷ್ಟು ಸ್ಕೇಲಿಂಗ್ ಮಾಡಿದರೂ ಹೋಗದು. ಅದಕ್ಕೆ ದಂತವೈದ್ಯರ ಬೇರೆ ಚಿಕಿತ್ಸೆ ಬೇಕು. ಎರಡನ್ನೂ ಬೇರ್ಪಡಿಸಿ ಗುರುತಿಸಿ, ‘ಇದು ನನ್ನ ಕೈಯಲ್ಲಿಲ್ಲ’ ಎಂದು ಆ ಹುಡುಗಿಗೆ ನೇರವಾಗಿ ಹೇಳಿ ವೈದ್ಯರ ಬಳಿ ಕಳಿಸುವುದೂ ಈ ವಿದ್ಯೆಯ ಭಾಗ.

ಈಗ ಅಣ್ಣ ಕೇಳಿದ ‘ಡಿಗ್ರಿ’ಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಹೈಜೀನಿಸ್ಟ್ ಆಗಿ ನೋಂದಣಿಗೆ ಒಯ್ಯುವ ರೂಢಿಯ ದಾರಿ ಎರಡು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಮುಗಿಸಿದ ಮೇಲೆ ರಾಜ್ಯ ದಂತವೈದ್ಯ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಮಾತ್ರ ನಾವು ಹೈಜೀನಿಸ್ಟ್. ವಿಶ್ವವಿದ್ಯಾಲಯದ ಪದವಿಯಾಗಿ ಇದು ಬೆಳೆದಿರುವುದು ಹೊರದೇಶಗಳಲ್ಲಿ. ನೆದರ್‌ಲ್ಯಾಂಡ್ಸ್‌ನಲ್ಲಿ ನಾಲ್ಕು ವರ್ಷ, ಫಿನ್‌ಲ್ಯಾಂಡ್‌ನಲ್ಲಿ ಮೂರೂವರೆ ವರ್ಷ ಓದಬೇಕು. ಬ್ರಿಟನ್ನಿನಲ್ಲಿ 2013ರಿಂದ ರೋಗಿಗಳು ದಂತವೈದ್ಯರ ಚೀಟಿಯಿಲ್ಲದೆ ನೇರವಾಗಿ ಹೈಜೀನಿಸ್ಟ್ ಬಳಿಗೆ ಹೋಗಬಹುದು. ದೊಡ್ಡಪ್ಪನವರ ಸಮಾಧಾನಕ್ಕೆ ಇದರ ಮೂಲವನ್ನೂ ಹೇಳಿಬಿಡುತ್ತೇನೆ. ಅಮೆರಿಕದ ಬ್ರಿಡ್ಜ್‌ಪೋರ್ಟ್ ಎಂಬ ಊರಿನಲ್ಲಿ ಆಲ್ಫ್ರೆಡ್ ಫೋನ್ಸ್ ಎಂಬ ದಂತವೈದ್ಯರು 1906ರಲ್ಲಿ ತಮ್ಮ ಸಹಾಯಕಿಯೂ ಸಂಬಂಧಿಯೂ ಆದ ಐರಿನ್ ನ್ಯೂಮನ್ ಅವರಿಗೆ ಈ ಕೆಲಸ ಕಲಿಸಿದರು, 1913ರಲ್ಲಿ ಶಾಲೆಯನ್ನೇ ತೆರೆದರು, ಅಲ್ಲಿ ಕಲಿತ ಹೆಣ್ಣುಮಕ್ಕಳು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ಶುಚಿಗೊಳಿಸಿದರು. 1917ರಲ್ಲಿ ಐರಿನ್ ಅವರಿಗೆ ಪರವಾನಗಿ ಸಿಕ್ಕಿತು. ನೂರು ವರ್ಷ ಮೀರಿದ ಕಸುಬು ದೊಡ್ಡಪ್ಪ, ನಿನ್ನೆ ಮೊನ್ನೆಯದಲ್ಲ.

ಆದರೆ ಅಣ್ಣ, ಈ ಹೊರದೇಶದ ಮಾತು ಕೇಳಿ ಆ ಫೋನಿನವರನ್ನು ನಂಬಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಪಾಠ ನಡೆಯುವುದು ಡಚ್ ಭಾಷೆಯಲ್ಲಿ. ಅಮೆರಿಕದಲ್ಲಿ ಅಲ್ಲಿ ಮಾನ್ಯವಾದ ಕಾಲೇಜಿನಲ್ಲಿ ಓದಿ, ರಾಷ್ಟ್ರಮಟ್ಟದ ಬೋರ್ಡ್ ಪರೀಕ್ಷೆ ಬರೆದು, ಆಯಾ ರಾಜ್ಯದ ಪರವಾನಗಿ ಪಡೆಯಬೇಕು. ಇಲ್ಲಿನ ಡಿಪ್ಲೊಮಾ ಹಿಡಿದುಕೊಂಡು ವಿಮಾನ ಹತ್ತಿದವರಿಗೆ ಅಲ್ಲಿ ಕೆಲಸ ‘ಖಚಿತ’ವಾಗುವುದಿಲ್ಲ. ನಿಮಗೆ ನೆನಪಿರಬೇಕು, ನಾನು ಪಿಯುಸಿ ಮುಗಿಸಿದ ವರ್ಷ ಒಂದು ಖಾಸಗಿ ಸಂಸ್ಥೆಯ ಕರಪತ್ರ ನಂಬಿ ಅಪ್ಪಾಜಿಯವರು ಸೊಸೈಟಿಯಲ್ಲಿ ಸಾಲ ತೆಗೆದು ಶುಲ್ಕ ಕಟ್ಟಿದ್ದರು. ಒಂದು ವರ್ಷ ಓದಿ, ಹೊಳೆಯುವ ಪ್ರಮಾಣಪತ್ರ ತೆಗೆದುಕೊಂಡು ನೋಂದಣಿಗೆ ಹೋದಾಗ ಆ ಸಂಸ್ಥೆಗೆ ಮಾನ್ಯತೆಯೇ ಇಲ್ಲವೆಂದು ತಿಳಿಯಿತು. ಮತ್ತೆ ಮೊದಲಿನಿಂದ ಡಿಪ್ಲೊಮಾಕ್ಕೆ ಸೇರಿದೆ. ಆ ಪ್ರಮಾಣಪತ್ರ ಈಗಲೂ ನನ್ನ ಟ್ರಂಕಿನಲ್ಲಿದೆ, ಲ್ಯಾಮಿನೇಷನ್ ಮಾತ್ರ ಚೆನ್ನಾಗಿದೆ.

ಸಂಬಳದ ವಿಚಾರವನ್ನೂ ಮುಚ್ಚಿಡುವುದಿಲ್ಲ. ನಮ್ಮ ಊರುಗಳಲ್ಲಿ ಬಹುತೇಕ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್ ಅನ್ನು ವೈದ್ಯರೇ ಮಾಡುತ್ತಾರೆ, ಇಲ್ಲವೇ ಹೊಸದಾಗಿ ಬಿಡಿಎಸ್ ಮುಗಿಸಿದವರನ್ನು ಇಟ್ಟುಕೊಳ್ಳುತ್ತಾರೆ. ಹೈಜೀನಿಸ್ಟ್ ಬೇಕು ಎಂದು ಕೇಳುವವರು ಕಡಿಮೆ. ನನಗೆ ಕೆಲಸ ಸಿಕ್ಕಿದ್ದು ನನ್ನ ವೈದ್ಯರು ವಸಡಿನ ಚಿಕಿತ್ಸೆಯಲ್ಲಿ ಆಸಕ್ತಿಯುಳ್ಳವರಾದ್ದರಿಂದ. ದಿನವಿಡೀ ಬಗ್ಗಿ ಕುಳಿತು ಕತ್ತು, ಬೆನ್ನು ಹಿಡಿಯುತ್ತವೆ. ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಳ್ಳದೆ ರೋಗಿಯ ಬಾಯಿಗೆ ಕೈ ಹಾಕಬಾರದು. ಉಪಕರಣಗಳನ್ನು ತೊಳೆದು, ಪೊಟ್ಟಣ ಕಟ್ಟಿ, ಆಟೋಕ್ಲೇವಿನಲ್ಲಿ 121 ಡಿಗ್ರಿ ಉಗಿಯಲ್ಲಿ ಇಡುವ ಕೆಲಸ ಪ್ರತಿ ರೋಗಿಗೂ ಹೊಸದಾಗಿ ನಡೆಯಬೇಕು, ಸಂಜೆ ಎಷ್ಟೇ ಜನ ಕಾಯುತ್ತಿದ್ದರೂ ಅದರಲ್ಲಿ ರಿಯಾಯಿತಿಯಿಲ್ಲ. ಇನ್ನೊಬ್ಬರ ಬಾಯಿಯ ವಾಸನೆಗೆ ಮುಖ ಕಿವುಚುವವರಿಗೆ ಈ ಕೆಲಸ ಬೇಡ.

ಅವಳಿಗೆ ಬಿಡಿಎಸ್ಸೇ ಬೇಕಾಗಿದ್ದರೆ ಇನ್ನೊಂದು ವರ್ಷ ನೀಟ್ ಬರೆಯಲಿ, ಅದರಲ್ಲಿ ನಾಚಿಕೆಯೇನಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳ ಸರ್ಕಾರಿ ಕೋಟಾದಲ್ಲಿ ಶೇ 70 ಸೀಟು ನಮ್ಮ ಭಾಗದವರಿಗೇ ಮೀಸಲು. ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ, ರಾಯಚೂರಿನಲ್ಲಿ ಖಾಸಗಿ ದಂತ ಕಾಲೇಜುಗಳಿವೆ.

ಯಾವುದನ್ನೂ ತೀರ್ಮಾನಿಸುವ ಮೊದಲು ಅವಳನ್ನು ಒಂದು ವಾರ ನಮ್ಮ ಮನೆಗೆ ಕಳಿಸಿ. ವೈದ್ಯರನ್ನು ಕೇಳಿದ್ದೇನೆ, ರೋಗಿಗಳು ಒಪ್ಪಿದರೆ ಅವಳು ಮೂಲೆಯಲ್ಲಿ ಕುಳಿತು ನೋಡಬಹುದು ಎಂದಿದ್ದಾರೆ. ಉಗುರುಬಣ್ಣ, ಮಾದರಿ ಹಲ್ಲು ಎರಡೂ ನನ್ನ ಬಳಿ ಇವೆ, ಸಂಜೆ ಮನೆಯಲ್ಲಿ ಕೈಯಾಡಿಸಲಿ. ಅಷ್ಟರೊಳಗೆ ಆ ಫೋನಿನವರು ಮತ್ತೆ ಕರೆ ಮಾಡಿದರೆ ಮುಂಗಡವಾಗಿ ಒಂದು ರೂಪಾಯಿಯನ್ನೂ ಕಳಿಸಬೇಡಿ ಅಣ್ಣ. ಸಂಸ್ಥೆಯ ಪೂರ್ತಿ ಹೆಸರು, ಮಾನ್ಯತೆಯ ಆದೇಶದ ಪ್ರತಿ ಎರಡನ್ನೂ ಬರವಣಿಗೆಯಲ್ಲಿ ಕೇಳಿ, ಬಂದರೆ ನನಗೆ ರವಾನಿಸಿ. ನಾನು ಪರಿಷತ್ತಿಗೆ ಫೋನ್ ಮಾಡಿ ವಿಚಾರಿಸಿ ಇದೇ ಗುಂಪಿನಲ್ಲಿ ಹೇಳುತ್ತೇನೆ.